ಹಕ್ಕಿಗಳ ಬೆಳಗನ್ನು ಆಲಿಸಿದ ಕವಿ

ಶಿಶಿರವು ಕಳೆದು ಚೈತ್ರವು ಕಾಲಿರಿಸಿತೆಂದರೆ ನಮ್ಮ ಕಾಸರಗೋಡಿನ ತೋಟ ಗುಡ್ಡಗಳ ಬೆಳಗಿನ ಜಾವಕ್ಕೆ ಒಂದು ಹೊಸ ಕಳೆ ಬರುತ್ತದೆ. ಮಾವು ಮಿಡಿ ಕಚ್ಚಿರುತ್ತದೆ. ಗೇರುಮರಗಳು ಹಣ್ಣಿನ ಕಂಪನ್ನು ಬೀರುತ್ತಿರುತ್ತವೆ. ಮೂಡಣದಲ್ಲಿ ಇನ್ನೂ ಕೆಂಪು ಕಾಣದಿರುವಾಗಲೇ ಅಡಕೆಯ ತೋಟದ ಒಂದು ಮೂಲೆಯಿಂದ ಮಡಿವಾಳ ಹಕ್ಕಿಯ ಸಿಳ್ಳು ಕೇಳಿಬರುತ್ತದೆ. ಅದಕ್ಕೆ ಇನ್ನೊಂದು ಮಡಿವಾಳವು ದೂರದಿಂದ ಮರುದನಿಗೊಡುತ್ತದೆ. ಬಳಿಕ ಕಾಜಾಣ, ಬಳಿಕ ಪಿಕಳಾರ, ಬಳಿಕ ಕುಟುರ, ನಡುನಡುವೆ ಕೋಗಿಲೆ. ಹೀಗೆ ಒಂದರ ಹಿಂದೆ ಒಂದು ಸೇರಿ, ಸೂರ್ಯನು ತಲೆದೋರುವ ಹೊತ್ತಿಗೆ ಇಡೀ ಬನವೇ ಬಾಯ್ದೆರೆದಂತಾಗುತ್ತದೆ. ಈ ಮಹಾಮೇಳಕ್ಕೆ ಟಿಕೆಟ್ಟಿಲ್ಲ, ಚಪ್ಪರವಿಲ್ಲ, ಅಧ್ಯಕ್ಷರೂ ಇಲ್ಲ. ಆದರೆ ಕೇಳುವವರು ಎಷ್ಟು ಮಂದಿ?

ಈ ಉದಯಗಾನವನ್ನು ಬಾಲ್ಯದಿಂದ ಮುಪ್ಪಿನವರೆಗೆ ಕಿವಿಯಾರೆ ಕೇಳಿ, ಕೇಳಿದುದನ್ನು ಕನ್ನಡ ನುಡಿಗೆ ಶಾಶ್ವತವಾಗಿ ತುಂಬಿಕೊಟ್ಟ ಪುಣ್ಯಾತ್ಮರೊಬ್ಬರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕೆಂದಿದ್ದೇನೆ. ಅವರ ಹೆಸರನ್ನು ಅರಿಯದ ಕನ್ನಡ ಮನೆಯಿಲ್ಲ. ಕುವೆಂಪು ಎಂಬ ಮೂರಕ್ಷರಗಳಿಂದ ನಾಡಿಗೆ ಪರಿಚಿತರಾದ ಶ್ರೀ ಕುಪ್ಪಳಿ ವೆಂಕಟಪ್ಪಗೌಡ ಪುಟ್ಟಪ್ಪನವರೇ ಅವರು. ಅವರ ಬಿರುದು ಬಹುಮಾನಗಳ ಪಟ್ಟಿಯನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದುಂಟು. ಆದರೆ ಆ ಮಹಾವೃಕ್ಷಕ್ಕೆ ನೀರೆರೆದ ತೊರೆ ಯಾವುದೆಂಬುದನ್ನು ವಿಚಾರಿಸುವವರು ವಿರಳ. ಆ ತೊರೆಗಳಲ್ಲಿ ಒಂದು ಮಲೆನಾಡಿನ ಹಕ್ಕಿಗಳ ಬೆಳಗು.

ಪುಟ್ಟಪ್ಪನವರು ಜನಿಸಿದ್ದು 1904ನೆಯ ಇಸವಿ ಡಿಸೆಂಬರ್ 29ರಂದು, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮನವರು. ಬೆಳೆದುದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ದೊಡ್ಡ ಮನೆಯಲ್ಲಿ. ಉಪ್ಪರಿಗೆಯ ಆ ಮನೆಯ ಮುಂದೆ ಅಡಕೆಯ ತೋಟ, ಗದ್ದೆ. ಸುತ್ತಲೂ ಸಹ್ಯಾದ್ರಿಯ ದಟ್ಟವಾದ ಕಾಡು. ಅಲ್ಲಿನ ಮಗುವಿಗೆ ಜೋಗುಳ ಹಾಡುವವಳು ತಾಯಿಯಾದರೆ, ಎಬ್ಬಿಸುವ ಕೆಲಸ ಹಕ್ಕಿಗಳದು. ಗಡಿಯಾರವು ಅಪರೂಪದ ವಸ್ತುವಾಗಿದ್ದ ಆ ಕಾಲದಲ್ಲಿ ಕೋಳಿಯ ಕೂಗು, ಕಾಜಾಣದ ದನಿ, ಇವೇ ಮನೆಮಂದಿಗೆ ಹೊತ್ತು ತಿಳಿಸುತ್ತಿದ್ದುವು.

ಬಾಲಕನಿಗೆ ಮೊದಲ ಅಕ್ಷರಾಭ್ಯಾಸವು ನಡೆದುದು ಮನೆಯಲ್ಲಿಯೇ. ಅದಕ್ಕಾಗಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಒಬ್ಬ ಉಪಾಧ್ಯಾಯರನ್ನು ಕರೆಸಿಕೊಂಡಿದ್ದರು. ನಮ್ಮ ಕಾಸರಗೋಡು 1956ರವರೆಗೆ ಆ ಜಿಲ್ಲೆಯ ಒಂದು ತಾಲ್ಲೂಕೇ ಆಗಿತ್ತೆಂಬುದನ್ನು ನೆನೆದರೆ, ಕವಿಯ ಓನಾಮದಲ್ಲಿ ನಮ್ಮ ಜಿಲ್ಲೆಯ ಪಾಲೂ ಇತ್ತೆಂದು ನಾವು ಸಂತೋಷಪಡಬಹುದು. ಮನೆಯ ಪಾಠವಾದ ಮೇಲೆ ತೀರ್ಥಹಳ್ಳಿಯ ಶಾಲೆ, ಅಲ್ಲಿಂದ ಮೈಸೂರಿನ ವೆಸ್ಲಿಯನ್ ಹೈಸ್ಕೂಲು. ಹನ್ನೆರಡರ ವಯಸ್ಸಿನಲ್ಲಿಯೇ ಹುಡುಗನು ತಂದೆಯನ್ನು ಕಳೆದುಕೊಂಡಿದ್ದನು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಹಕ್ಕಿಗಳ ಕವಿಯೆಂದರೆ ಹುಟ್ಟಿದಂದಿನಿಂದಲೇ ಹಕ್ಕಿಗಳಿಗೆ ಕೈಮುಗಿದವರೆಂದು ಭಾವಿಸಬಾರದು. ಅಂದಿನ ಮಲೆನಾಡಿನ ಮನೆಗಳಲ್ಲಿ ಗೋಡೆಗೆ ಕೋವಿಯು ತೂಗಾಡುತ್ತಿತ್ತು; ಬೇಟೆಯು ಗಂಡಸರ ನಿತ್ಯದ ಮಾತಾಗಿತ್ತು. ಹುಡುಗರು ಹಕ್ಕಿಯ ದನಿಯನ್ನು ಮೊದಲು ಕಲಿಯುತ್ತಿದ್ದುದು ಅದನ್ನು ಹೊಡೆಯುವುದಕ್ಕಾಗಿ. ಪುಟ್ಟಪ್ಪನವರೂ ಆ ವಾತಾವರಣದಲ್ಲಿ ಬೆಳೆದವರೇ. ಮುಂದೆ 1933ರಲ್ಲಿ ಪ್ರಕಟವಾದ ಮಲೆನಾಡಿನ ಚಿತ್ರಗಳು ಎಂಬ ಪುಸ್ತಕದಲ್ಲಿ ಬೇಟೆಯ ಸಂಗತಿಗಳನ್ನು ಅವರು ಹಾಸ್ಯ ಬೆರೆಸಿ ನಿಸ್ಸಂಕೋಚವಾಗಿ ಬರೆದಿದ್ದಾರೆ. ಯಾವ ಮರದಲ್ಲಿ ಯಾವ ಹಕ್ಕಿ, ಯಾವ ಹೊತ್ತಿಗೆ ಯಾವ ಕೂಗು ಎಂಬ ಸೂಕ್ಷ್ಮಜ್ಞಾನವನ್ನು ಕಾಡು ಅವರಿಗೆ ಕಲಿಸಿತು. ಆ ಜ್ಞಾನವು ಕೋವಿಯ ಕಡೆಗೆ ತಿರುಗದೆ ಹಾಡಿನ ಕಡೆಗೆ ತಿರುಗಿದುದೇ ಅವರ ಜೀವನದ ಮುಖ್ಯ ಕಥೆ.

ಮೈಸೂರಿಗೆ ಬಂದ ತರುಣನಿಗೆ ಕಾಡು ದೂರವಾಯಿತು. ಆಂಗ್ಲ ಸಾಹಿತ್ಯವು ಹತ್ತಿರವಾಯಿತು. ವರ್ಡ್ಸ್‌ವರ್ತ್, ಷೆಲ್ಲಿ ಮೊದಲಾದ ಕವಿಗಳ ಕಾವ್ಯದಲ್ಲಿ ಆತನು ಮುಳುಗಿಹೋದನು. ಕಣ್ಣೆದುರಿಗಿದ್ದ ಮಾದರಿಗಳು ಇಂಗ್ಲಿಷಿನವು. ಆದುದರಿಂದ ಆತನು ಬರೆಯತೊಡಗಿದ್ದೂ ಇಂಗ್ಲಿಷಿನಲ್ಲಿಯೇ. 1922ರಲ್ಲಿ ಬಿಗಿನರ್ಸ್ ಮ್ಯೂಸ್ ಎಂಬ ಚಿಕ್ಕ ಕವನ ಸಂಗ್ರಹವು ಹೊರಬಂದಿತು. ಕುಪ್ಪಳಿಯ ಹಾಡು ಎದೆಯೊಳಗೆ ಉಳಿದಿತ್ತು. ನಾಲಗೆ ಮಾತ್ರ ಪರದೇಶದ ಹಕ್ಕಿಯ ರಾಗವನ್ನು ಅನುಸರಿಸುತ್ತಿತ್ತು.

1924ರ ಜುಲೈ ತಿಂಗಳಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಿದ್ದರು. ತರುಣ ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು, ಪ್ರಶಂಸೆಯ ಮಾತನ್ನು ನಿರೀಕ್ಷಿಸುತ್ತ, ಅವರನ್ನು ಕಾಣಲು ಹೋದರು. ಕಸಿನ್ಸರು ಕವಿತೆಗಳನ್ನು ನೋಡಿದರು. ಅವರು ಕೊಟ್ಟ ಸಲಹೆಯಾದರೋ ಬೇರೆ: ತಾಯ್ನುಡಿಯಲ್ಲಿ ಏನನ್ನು ಬರೆದಿರುವೆ ಎಂದು ವಿಚಾರಿಸಿ, ಆ ನುಡಿಯಲ್ಲಿಯೇ ಬರೆಯಬೇಕೆಂದು ಅವರು ಹೇಳಿ ಕಳುಹಿದರು. ತರುಣನಿಗೆ ನಿರಾಶೆಯಾಯಿತು. ಆದರೆ ಆ ಮಾತು ಬೀಜದಂತೆ ಒಳಗಿಳಿದು ಬೇಗನೆ ಮೊಳೆಯಿತು. ಕನ್ನಡದಲ್ಲಿ ಬರೆಯತೊಡಗಿದ ಆ ಕೈ ಅನಂತರ ಕನ್ನಡವನ್ನು ಬಿಡಲಿಲ್ಲ. 1930ರಲ್ಲಿ ಕೊಳಲು ಎಂಬ ಅವರ ಕನ್ನಡ ಕವನ ಸಂಗ್ರಹವು ಬೆಳಕು ಕಂಡಿತು.

ಗಡಿಯಾಚೆ ನೆಲೆಸಿ, ಹಲವು ಭಾಷೆಗಳ ನಡುವೆ ಬಾಳುತ್ತಿರುವ ನಮಗೆ ಈ ಪ್ರಸಂಗದಲ್ಲಿ ಕಲಿಯತಕ್ಕದ್ದು ಬಹಳವಿದೆ. ಕಾಜಾಣವನ್ನೇ ನೋಡಿರಿ. ಬಾಲದಲ್ಲಿ ಎರಡು ಉದ್ದನೆಯ ತಂತಿಗಳನ್ನೂ ಅವುಗಳ ತುದಿಯಲ್ಲಿ ಚಿಕ್ಕ ಗರಿಗಳನ್ನೂ ಧರಿಸಿ ಮೆರೆಯುವ ಕಾಡಿನ ಕಾಜಾಣವು ಅನುಕರಣೆಯಲ್ಲಿ ಮಹಾ ಪ್ರವೀಣ. ಹತ್ತು ಹಕ್ಕಿಗಳ ದನಿಯನ್ನು ಅದು ಹಾಗೆಯೇ ಒಪ್ಪಿಸಬಲ್ಲದು. ಆದರೂ ಅದಕ್ಕೆ ತನ್ನದೇ ಆದ ಕೂಗು ಉಂಟು; ಅದರಿಂದಲೇ ನಾವು ಅದನ್ನು ಕಾಜಾಣವೆಂದು ಗುರುತಿಸುತ್ತೇವೆ. ಪರಭಾಷೆಗಳನ್ನು ಕಲಿಯುವುದು ದೋಷವಲ್ಲ, ಗುಣ. ಕುವೆಂಪು ಅವರು ಇಂಗ್ಲಿಷನ್ನು ದ್ವೇಷಿಸಲಿಲ್ಲ. ಆಂಗ್ಲ ಕಾವ್ಯದ ಪ್ರೀತಿಯನ್ನು ತೊರೆಯಲಿಲ್ಲ. ಆದರೆ ಕುಪ್ಪಳಿಯ ಬೆಳಗನ್ನು ಹೇಳುವುದಕ್ಕೆ ಕುಪ್ಪಳಿಯ ಮಾತೇ ಬೇಕೆಂಬುದನ್ನು ಅವರು ಕಂಡುಕೊಂಡರು. ಪಿಕಳಾರ, ಕಾಮಳ್ಳಿ, ಮಡಿವಾಳ ಎಂಬ ಹೆಸರುಗಳೊಡನೆ ಆ ಹಕ್ಕಿಗಳ ದನಿಯೂ ಬಣ್ಣವೂ ಸೇರಿಕೊಂಡಿದ್ದುವು. ಹೆಸರನ್ನು ಬದಲಾಯಿಸಿದರೆ ಹಕ್ಕಿಯೇ ಹಾರಿಹೋಗುತ್ತಿತ್ತು.

ಮೈಸೂರಿನ ಶ್ರೀರಾಮಕೃಷ್ಣಾಶ್ರಮದಲ್ಲಿ ಅವರು ಸುಮಾರು ಹತ್ತು ವರ್ಷಗಳ ಕಾಲ ವಾಸಿಸಿದರು. ಸ್ವಾಮಿ ಸಿದ್ಧೇಶ್ವರಾನಂದರ ವಾತ್ಸಲ್ಯ, ಆಶ್ರಮದ ಪ್ರಾತಃಕಾಲದ ನಿಯಮ, ಧ್ಯಾನ, ಇವು ಅವರ ಮನಸ್ಸನ್ನು ಹದಗೊಳಿಸಿದುವು. ಮಹಾರಾಜಾ ಕಾಲೇಜಿನಲ್ಲಿ ಟಿ. ಎಸ್. ವೆಂಕಣ್ಣಯ್ಯನವರಂಥ ಗುರುಗಳು ದೊರೆತರು. 1929ರಲ್ಲಿ ಅದೇ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಬೇಸಗೆಯ ರಜೆ ಬಂದೊಡನೆ ಅವರ ಪ್ರಯಾಣವು ಕುಪ್ಪಳಿಯ ಕಡೆಗೇ. ಮನೆಯ ಬಳಿ ಏರುವ ಗುಡ್ಡದ ನೆತ್ತಿಯ ಹಾಸುಬಂಡೆಗೆ ಅವರು ಕವಿಶೈಲವೆಂದು ಹೆಸರಿಟ್ಟರು. ಸಂಜೆಗೆ ಕವಿಶೈಲ, ಬೆಳಗಿಗೆ ನವಿಲುಕಲ್ಲು. ನಸುಗತ್ತಲಲ್ಲಿ ಎದ್ದು, ಇಬ್ಬನಿಯಲ್ಲಿ ಕಾಲು ತೋಯಿಸಿಕೊಂಡು, ಕಾಡುಹಾದಿಯಲ್ಲಿ ನವಿಲುಕಲ್ಲಿನ ಗುಡ್ಡವನ್ನೇರಿದರೆ, ಕೆಳಗೆ ಕಣಿವೆಗಳಲ್ಲಿ ಮಂಜು ಕಡಲಿನಂತೆ ಹರಡಿರುತ್ತದೆ. ಬೆಟ್ಟಗಳ ತಲೆಗಳು ದ್ವೀಪಗಳಂತೆ ಎದ್ದು ನಿಂತಿರುತ್ತವೆ. ಸೂರ್ಯನು ಕಾಣುವುದಕ್ಕೆ ಬಹಳ ಮೊದಲೇ ಆ ಮಂಜಿನೊಳಗಿನಿಂದ ಹಕ್ಕಿಗಳ ಕೊರಲು ಮೇಲೇರಿ ಬರುತ್ತದೆ. ಆ ಕಲ್ಲಿನ ಮೇಲಿನ ಉಷಃಕಾಲವು ಅವರ ಕವಿತೆಗೆ ವಸ್ತುವಾಯಿತು. ಸೂರ್ಯೋದಯವು ಅವರಿಗೆ ಪ್ರತಿದಿನದ ಸಂಗತಿಯಾಗಿರದೆ ಪ್ರತಿದಿನದ ಪೂಜೆಯಾಯಿತು. ಆ ಪೂಜೆಗೆ ಮಂತ್ರ ಹೇಳುವ ಪುರೋಹಿತರು ಹಕ್ಕಿಗಳು.

ಹಕ್ಕಿಗಳು ಬೆಳಗಿನಲ್ಲಿಯೇ ಹೀಗೆ ಹಾಡುವುದೇಕೆಂಬ ಪ್ರಶ್ನೆ ಮಕ್ಕಳಲ್ಲಿ ಏಳುವುದು ಸಹಜ. ಪಕ್ಷಿಶಾಸ್ತ್ರಜ್ಞರು ಹೇಳುವುದಿಷ್ಟು: ವಸಂತವು ಬಹು ಹಕ್ಕಿಗಳಿಗೆ ಗೂಡುಕಟ್ಟುವ ಕಾಲ. ಹಾಡುವುದು ಹೆಚ್ಚಾಗಿ ಗಂಡುಹಕ್ಕಿ. ಈ ತಾವು ನನ್ನದೆಂದು ಇತರ ಗಂಡುಗಳಿಗೆ ಸಾರುವುದೂ, ಹೆಣ್ಣನ್ನು ಕರೆಯುವುದೂ ಆ ಹಾಡಿನ ಉದ್ದೇಶ. ನಸುಕಿನಲ್ಲಿ ಹುಳುಹುಪ್ಪಟೆಗಳನ್ನು ಹುಡುಕಲು ಬೇಕಾದಷ್ಟು ಬೆಳಕಿರುವುದಿಲ್ಲ, ಗಾಳಿಯು ಶಾಂತವಾಗಿರುತ್ತದೆ, ಇತರ ಸದ್ದುಗಳಿರುವುದಿಲ್ಲ. ಆದುದರಿಂದ ಹಾಡಿಗೆ ಅದೇ ತಕ್ಕ ಹೊತ್ತು. ನಮ್ಮ ಕೋಗಿಲೆಯಲ್ಲಿಯೂ ಕುಹೂ ಎಂದು ಕೂಗುವುದು ಕರಿಯ ಗಂಡೇ. ಮೈಮೇಲೆ ಚುಕ್ಕೆಗಳಿರುವ ಹೆಣ್ಣಿನ ದನಿ ಬೇರೆ. ಗೂಡುಕಟ್ಟುವ ಗೋಜಿಗೆ ಹೋಗದೆ ಆ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಸಂಗತಿಯನ್ನು ನಮ್ಮ ಹಿರಿಯರೂ ಅರಿತಿದ್ದರು. ಇಷ್ಟನ್ನು ತಿಳಿದ ಮಾತ್ರಕ್ಕೆ ಹಾಡಿನ ಸವಿ ಕುಂದುವುದಿಲ್ಲ. ಕುವೆಂಪು ಅವರು ವಿಜ್ಞಾನದೃಷ್ಟಿಯನ್ನು ಜನರು ಬೆಳೆಸಿಕೊಳ್ಳಬೇಕೆಂದು ಜೀವನಪರ್ಯಂತ ಸಾರಿದವರು. ಅವರಿಗೆ ತಿಳಿವೂ ಸವಿಯೂ ಒಂದಕ್ಕೊಂದು ಹಗೆಗಳಾಗಿರಲಿಲ್ಲ.

1936ರಲ್ಲಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವರ್ಗವಾದರು. ಮರುವರ್ಷ ಶ್ರೀಮತಿ ಹೇಮಾವತಿಯವರೊಡನೆ ವಿವಾಹವಾಯಿತು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ಒಬ್ಬ ಮಗನ ಹೆಸರಿನಲ್ಲಿ ಕೋಗಿಲೆಯೂ ಉದಯವೂ ಚೈತ್ರವೂ ಒಟ್ಟಿಗೆ ಕೂಡಿರುವುದನ್ನು ನೋಡಿದರೆ, ವಸಂತದ ಬೆಳಗು ಆ ಮನೆಯೊಳಕ್ಕೆ ಎಷ್ಟರಮಟ್ಟಿಗೆ ಬಂದು ನೆಲಸಿತ್ತೆಂಬುದು ತಿಳಿಯುತ್ತದೆ. ಮೈಸೂರಿನಲ್ಲಿ ಅವರು ಕಟ್ಟಿಸಿದ ಮನೆಯ ಹೆಸರೂ ಉದಯರವಿ. ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿಯವರು ತಂದೆಯ ಕಿವಿಗೆ ತಮ್ಮ ಕ್ಯಾಮರಾದ ಕಣ್ಣನ್ನೂ ಸೇರಿಸಿ, ಕನ್ನಡನಾಡಿನ ಹಕ್ಕಿಗಳ ಚಿತ್ರಗಳನ್ನು ತೆಗೆದು, ಅವುಗಳ ವಿಷಯವಾಗಿ ಕನ್ನಡದಲ್ಲಿ ಸೊಗಸಾದ ಪುಸ್ತಕಗಳನ್ನು ಬರೆದರು. 2007ರಲ್ಲಿ ಅವರೂ ತೀರಿಕೊಂಡರು.

ಸೆಂಟ್ರಲ್ ಕಾಲೇಜಿನ ದಿನಗಳಲ್ಲಿಯೇ ಕಾನೂರು ಹೆಗ್ಗಡಿತಿ ಎಂಬ ಮಹಾಕಾದಂಬರಿಯು ಹೊರಬಂದಿತು. ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯದ ರಚನೆಯೂ ಆರಂಭವಾಯಿತು. ಸುಮಾರು ಒಂಬತ್ತು ವರ್ಷಗಳ ತಪಸ್ಸಿನ ಫಲವಾದ ಆ ಕಾವ್ಯವು 1949ರಲ್ಲಿ ಪ್ರಕಟವಾಗಿ, 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದಿತು. ರಾಮಾಯಣದ ಹುಟ್ಟನ್ನು ನಮ್ಮವರೆಲ್ಲರೂ ಬಲ್ಲರು. ತಮಸಾ ನದಿಯ ತೀರದಲ್ಲಿ ಜೊತೆಯಾಗಿ ನಲಿಯುತ್ತಿದ್ದ ಕ್ರೌಂಚಗಳಲ್ಲಿ ಒಂದನ್ನು ಬೇಡನು ಹೊಡೆದು ಕೆಡವಿದನು. ಉಳಿದ ಹಕ್ಕಿಯ ಗೋಳನ್ನು ಕೇಳಿದ ವಾಲ್ಮೀಕಿಗಳ ಶೋಕವು ಶ್ಲೋಕವಾಯಿತು. ನಮ್ಮ ದೇಶದ ಆದಿಕಾವ್ಯದ ಬಾಗಿಲಲ್ಲಿಯೇ ಒಂದು ಹಕ್ಕಿಯ ದನಿಯಿದೆ, ಒಬ್ಬ ಬೇಡನ ಬಾಣವಿದೆ. ಬಾಲ್ಯದಲ್ಲಿ ಬೇಟೆಯ ನಡುವೆ ಬೆಳೆದ ಕವಿಯೊಬ್ಬರು ಅದೇ ರಾಮಾಯಣವನ್ನು ಕನ್ನಡದಲ್ಲಿ ಹೊಸದಾಗಿ ಕಾಣಲು ಹೊರಟಾಗ, ಆ ಹಕ್ಕಿಯ ದನಿಯು ಅವರಿಗೆ ಎಂತು ಕೇಳಿಸಿರಬಹುದು!

ಅದಕ್ಕೆ ಉತ್ತರವೆಂಬಂತೆ 1946ರಲ್ಲಿ ಪಕ್ಷಿಕಾಶಿ ಎಂಬ ಕವನ ಸಂಗ್ರಹವು ಹೊರಬಂದಿತು. ಹೆಸರನ್ನು ಗಮನಿಸಿರಿ. ನಮ್ಮ ಹಿರಿಯರು ಪಾಪ ಕಳೆಯಲು ಕಾಶಿಗೆ ಹೋಗುತ್ತಿದ್ದರು; ಈ ಕವಿಗೆ ಹಕ್ಕಿಗಳಿರುವ ತಾಣವೇ ಕಾಶಿಯಾಯಿತು. ಆ ಕ್ಷೇತ್ರಕ್ಕೆ ಬೇಡನಿಗೆ ಪ್ರವೇಶವಿಲ್ಲ. ಆಯುಧವನ್ನು ಹೊರಗಿಟ್ಟು ಬರಬೇಕೆಂಬುದೇ ಅಲ್ಲಿಯ ಕಟ್ಟಳೆ. ಕಾವ್ಯವನ್ನು ಸವಿಯುವವನೂ ತರ್ಕದ ಬಾಣವನ್ನು ಬದಿಗಿರಿಸಿ ಒಳಹೊಗಬೇಕೆಂಬ ಧ್ವನಿಯೂ ಅದರಲ್ಲಿದೆಯೆಂದು ವಿದ್ವಾಂಸರು ಅರ್ಥ ಹೇಳುವುದುಂಟು. ಅದು ಸರಿಯೇ. ಆದರೆ ಕುಪ್ಪಳಿಯ ಗೋಡೆಯ ಮೇಲಿನ ಕೋವಿಯನ್ನು ನೆನೆದರೆ, ನೇರವಾದ ಅರ್ಥವೂ ಚಿಕ್ಕದೆಂದು ನನಗೆ ತೋರುವುದಿಲ್ಲ.

ತೀರ್ಥಹಳ್ಳಿಯ ಬಳಿ ಸಿಬ್ಬಲುಗುಡ್ಡೆಯೆಂಬಲ್ಲಿ ತುಂಗಾನದಿಯು ಕಾಡಿನ ನಡುವೆ ಪ್ರಶಾಂತವಾಗಿ ಹರಿಯುತ್ತದೆ. ಹಸುರು ಬೆಟ್ಟದ ಹಿನ್ನೆಲೆಯಲ್ಲಿ ಬೆಳ್ಳಕ್ಕಿಗಳ ಸಾಲೊಂದು ಆ ನದಿಯ ಮೇಲೆ ಹಾರಿಹೋದುದನ್ನು ಕವಿಯು ಕಂಡರು. ಚೆಲುವಾದ ಚಿತ್ರವನ್ನು ಬರೆದು ಮುಗಿಸಿದ ಕಲಾವಿದನು ಕೊನೆಗೆ ತನ್ನ ಅಂಕಿತವನ್ನು ಹಾಕುವಂತೆ, ಸೃಷ್ಟಿಕರ್ತನು ಆ ಹಕ್ಕಿಸಾಲಿನಿಂದ ತನ್ನ ಚಿತ್ರಕ್ಕೆ ರುಜು ಹಾಕಿದನೆಂದು ಅವರಿಗೆ ಹೊಳೆಯಿತು. ಆ ಕವಿತೆಯನ್ನು ನಮ್ಮ ಶಾಲೆಗಳಲ್ಲಿ ಎಷ್ಟೋ ತಲೆಮಾರುಗಳ ಮಕ್ಕಳು ಓದಿದ್ದಾರೆ. ನಾವೆಲ್ಲರೂ ನೂರು ಸಾರಿ ನೋಡಿ ಮರೆತುಬಿಡುವ ಬೆಳ್ಳಕ್ಕಿಯ ಸಾಲು ಅದೇ. ನೋಟದಲ್ಲಿ ಭೇದವಿಲ್ಲ, ನೋಡುವವರಲ್ಲಿ ಇದೆ.

ಮುಂದಿನ ಸಂಗತಿಗಳು ಲೋಕವಿದಿತ. 1946ರಲ್ಲಿ ಅವರು ಮೈಸೂರಿಗೆ ಮರಳಿದರು. 1955ರಲ್ಲಿ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದು ಮಾನಸಗಂಗೋತ್ರಿಯನ್ನು ಕಟ್ಟಿ ಬೆಳೆಸಿದರು. ಶಿಕ್ಷಣವು ತಾಯ್ನುಡಿಯಲ್ಲಿಯೇ ನಡೆಯಬೇಕೆಂಬ ಮಾತನ್ನು ಅಧಿಕಾರದಲ್ಲಿದ್ದಾಗಲೂ ಇಲ್ಲದಾಗಲೂ ಒಂದೇ ಸ್ವರದಲ್ಲಿ ಹೇಳಿದರು. 1957ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವು ಅವರದಾಯಿತು. 1964ರಲ್ಲಿ ಅವರಿಗೆ ರಾಷ್ಟ್ರಕವಿಯೆಂಬ ಗೌರವವು ದೊರೆಯಿತು. ಅದೇ ಗೌರವವು 1949ರಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳಿಗೆ ಮದ್ರಾಸು ಸರಕಾರದಿಂದ ಸಂದಿತ್ತು. ಹೀಗೆ ಕನ್ನಡದ ಮೊದಲನೆಯ ರಾಷ್ಟ್ರಕವಿ ಕಡಲತಡಿಯ ಗಡಿನಾಡಿನವರು, ಎರಡನೆಯವರು ಮಲೆಯ ಒಡಲಿನವರು. 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಕನ್ನಡಕ್ಕೆ ಪ್ರಥಮವಾಗಿ ಬಂದುದೂ ಶ್ರೀ ರಾಮಾಯಣ ದರ್ಶನಂ ಕಾವ್ಯಕ್ಕಾಗಿ. ಅದೇ ವರ್ಷ ಮಲೆಗಳಲ್ಲಿ ಮದುಮಗಳು ಪ್ರಕಟವಾಯಿತು. ಇಷ್ಟೆಲ್ಲ ಕೀರ್ತಿಯ ನಡುವೆಯೂ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡುವ ಅಭ್ಯಾಸವನ್ನು ಅವರು ಬಿಡಲಿಲ್ಲ. ಆ ಕೆರೆಯ ನೀರು, ಹಕ್ಕಿ, ಆಕಾಶಗಳು ಅವರಿಗೆ ನಗರದ ನಡುವಿನ ಕುಪ್ಪಳಿಯಾಗಿದ್ದುವು.

1994ನೆಯ ಇಸವಿ ನವೆಂಬರ್ 11ರಂದು ಮೈಸೂರಿನಲ್ಲಿ ಅವರು ದೇಹತ್ಯಾಗ ಮಾಡಿದರು. ಅವರ ಪಾರ್ಥಿವ ಶರೀರವನ್ನು ಕುಪ್ಪಳಿಗೆ ತಂದು ಕವಿಶೈಲದಲ್ಲಿ ಅಂತ್ಯಸಂಸ್ಕಾರ ಮಾಡಿದರು. ಕುಪ್ಪಳಿಯ ಆ ಮನೆಯು ಈಗ ಸ್ಮಾರಕವಾಗಿದೆ. ನಾಡಿನ ಎಲ್ಲೆಡೆಯಿಂದ ಜನರು ಬಂದು ನೋಡಿ ಹೋಗುತ್ತಾರೆ. ಅಲ್ಲಿಗೆ ಹೋಗುವ ನಮ್ಮವರಿಗೆ ನನ್ನದೊಂದು ವಿಜ್ಞಾಪನೆ: ಹಗಲಿನಲ್ಲಿ ಹೋಗಿ ಚಿತ್ರ ತೆಗೆಸಿಕೊಂಡು ಬರುವುದಷ್ಟೇ ಸಾಲದು. ಒಂದು ರಾತ್ರಿ ಸಮೀಪದಲ್ಲೆಲ್ಲಾದರೂ ತಂಗಿದ್ದು, ನಸುಕಿನಲ್ಲಿ ಎದ್ದು, ಮಾತನಾಡದೆ ಅರ್ಧ ಗಂಟೆ ಕಿವಿಗೊಟ್ಟು ನಿಲ್ಲಿರಿ. ಕವಿಯ ಗುರುಗಳು ಅಲ್ಲಿ ಇಂದಿಗೂ ಪಾಠ ಹೇಳುತ್ತಿದ್ದಾರೆ.

ಕಳೆದ ವಸಂತದಲ್ಲಿ ನಾನು ನನ್ನ ತರಗತಿಯ ಮಕ್ಕಳಿಗೆ ಒಂದು ಕೆಲಸವನ್ನು ಕೊಟ್ಟೆನು. ಮರುದಿನ ಸೂರ್ಯೋದಯಕ್ಕೆ ಮೊದಲು ಎದ್ದು, ಅಂಗಳದಲ್ಲಿ ಕುಳಿತು, ಕೇಳಿದ ಹಕ್ಕಿಗಳ ಹೆಸರನ್ನು ಕನ್ನಡದಲ್ಲಿ ಬರೆದು ತರಬೇಕೆಂದು ಹೇಳಿದೆನು. ಬಹುಮಂದಿ ತಂದ ಪಟ್ಟಿಯಲ್ಲಿ ಕಾಗೆ, ಕೋಳಿ, ಕೋಗಿಲೆ ಎಂಬ ಮೂರೇ ಹೆಸರುಗಳಿದ್ದುವು. ಉಳಿದುದನ್ನು ಒಂದು ಹಕ್ಕಿ, ಇನ್ನೊಂದು ಹಕ್ಕಿ ಎಂದು ಬರೆದಿದ್ದರು. ಒಬ್ಬ ಹುಡುಗಿಯ ಪಟ್ಟಿಯಲ್ಲಿ ಮಾತ್ರ ಹನ್ನೊಂದು ಹೆಸರುಗಳಿದ್ದುವು. ಯಾರು ಹೇಳಿಕೊಟ್ಟರೆಂದು ಕೇಳಿದುದಕ್ಕೆ, ಅಜ್ಜಿಯು ಪಕ್ಕದಲ್ಲಿ ಕುಳಿತು ಒಂದೊಂದೇ ದನಿಯನ್ನು ಗುರುತಿಸಿದಳೆಂದು ಆಕೆ ಉತ್ತರವಿತ್ತಳು. ಅಜ್ಜಿಗೆ ಓದುಬರಹ ಬಾರದಂತೆ. ಆ ದಿನ ನಾನು ಆ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು ಎಲ್ಲರಿಂದಲೂ ಓದಿಸಿದೆನು. ವಿದ್ವಾನ್ ಪದವಿಯನ್ನು ಪಡೆದ ನನಗೂ ಅದರಲ್ಲಿ ಎರಡು ಹೆಸರುಗಳು ಹೊಸವು.

ನಮ್ಮ ನುಡಿಯು ಉಳಿಯಬೇಕೆಂದು ನಾವು ಸಭೆಗಳಲ್ಲಿ ಆಗ್ರಹಪಡಿಸುತ್ತೇವೆ, ಪಡಿಸಲೇಬೇಕು. ಆದರೆ ನುಡಿಯು ಸೋರಿಹೋಗುವುದು ಸಭೆಯಲ್ಲಿ ಅಲ್ಲ, ಮನೆಯ ಅಂಗಳದಲ್ಲಿ. ಒಂದು ಹಕ್ಕಿಯ ಹೆಸರು ಅಜ್ಜಿಯೊಡನೆ ಹೊರಟುಹೋದರೆ ಅದನ್ನು ಯಾವ ಠರಾವಿನಿಂದಲೂ ಮರಳಿ ತರಲಾಗುವುದಿಲ್ಲ. ಕುವೆಂಪು ಅವರು ಮಾಡಿದ ಮಹತ್ಕಾರ್ಯಗಳನ್ನೆಲ್ಲ ನಾವು ಮಾಡಲಾರೆವು. ಅವರು ಪ್ರತಿನಿತ್ಯ ಮಾಡಿದ ಒಂದು ಚಿಕ್ಕ ಕಾರ್ಯವನ್ನು ಮಾತ್ರ ನಮ್ಮಲ್ಲಿ ಪ್ರತಿಯೊಬ್ಬರೂ ಮಾಡಬಹುದು. ಬೆಳಗಾಗುವುದಕ್ಕೆ ಮುಂಚೆ ಎದ್ದು ಆಲಿಸುವುದು, ಆಲಿಸಿದುದಕ್ಕೆ ತಾಯ್ನುಡಿಯಲ್ಲಿ ಹೆಸರು ಹೇಳುವುದು, ಆ ಹೆಸರನ್ನು ಪಕ್ಕದಲ್ಲಿರುವ ಮಗುವಿನ ಕಿವಿಗೆ ದಾಟಿಸುವುದು.

ಚೈತ್ರವು ಪ್ರತಿವರ್ಷವೂ ತಪ್ಪದೆ ಬರುತ್ತದೆ. ಮಡಿವಾಳವು ನಾಳೆಯೂ ನಮ್ಮ ತೋಟದಲ್ಲಿ ಮೊದಲ ಸ್ವರವನ್ನು ಹಿಡಿಯುತ್ತದೆ. ನಾವು ಎಚ್ಚರವಾಗಿರೋಣ.